ಒಂದೇ ಇಮೇಜ್, ಮೂವತ್ತು ಸಿಸ್ಟಮ್: ಆಫೀಸಿನ ಕಂಪ್ಯೂಟರ್‌ಗಳನ್ನು ಒಟ್ಟಿಗೆ ಸಿದ್ಧ ಮಾಡುವುದು ಹೇಗೆ?

ಆಫೀಸಿಗೆ ಮೂವತ್ತು ಹೊಸ ಕಂಪ್ಯೂಟರ್ ಬಂದಿವೆ ಅಂದುಕೊಳ್ಳಿ. ಒಂದೊಂದಕ್ಕೂ ವಿಂಡೋಸ್ ಹಾಕಬೇಕು, ಅಪ್‌ಡೇಟ್ ಮುಗಿಯುವವರೆಗೆ ಕಾಯಬೇಕು, ಆಮೇಲೆ ಬ್ರೌಸರ್, ಪಿಡಿಎಫ್ ರೀಡರ್, ಫಾಂಟ್, ಲೆಕ್ಕದ ಸಾಫ್ಟ್‌ವೇರ್ ಎಲ್ಲಾ ಹಾಕಬೇಕು. ಒಂದಕ್ಕೆ ಮೂರು ಗಂಟೆ ಅಂದರೂ ಒಟ್ಟು 90 ಗಂಟೆ. ಸಮಯ ಹೋಗುವುದು ಒಂದು ಕಡೆ. ಹತ್ತನೇ ಸಿಸ್ಟಮ್ ಹೊತ್ತಿಗೆ ಗಮನ ತಪ್ಪಲು ಶುರುವಾಗುತ್ತದೆ. ಒಂದರಲ್ಲಿ ಫಾಂಟ್ ಬಿಟ್ಟುಹೋಗುತ್ತದೆ, ಇನ್ನೊಂದರಲ್ಲಿ ಹಳೇ ವರ್ಷನ್ ಕೂತುಬಿಡುತ್ತದೆ. ಆರು ತಿಂಗಳಾದ ಮೇಲೆ ಯಾವ ಸಿಸ್ಟಮ್‌ನಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಇಂಥ ಕಡೆ ಡಿಸ್ಕ್ ಇಮೇಜ್ ಕೈ ಹಿಡಿಯುತ್ತದೆ. ಒಂದು ಸಿಸ್ಟಮ್ ಅನ್ನು ಬೇಕಾದ ಹಾಗೆ ಸಿದ್ಧ ಮಾಡಿ, ಅದರ ಡಿಸ್ಕಿನ ಪೂರ್ತಿ ಪ್ರತಿ ತೆಗೆದಿಟ್ಟುಕೊಂಡು, ಉಳಿದ ಎಲ್ಲದಕ್ಕೂ ಅದನ್ನೇ ಇಳಿಸುವುದು. ಆದರೆ ಮಾದರಿಯಲ್ಲಿ ಒಂದು ತಪ್ಪು ಉಳಿದಿದ್ದರೆ ಅದೂ ಮೂವತ್ತು ಕಡೆ ಹೋಗಿ ಕೂರುತ್ತದೆ. ಹಾಗಾಗಿ ಈ ಕೆಲಸದಲ್ಲಿ ನಾನು ಹೆಚ್ಚು ಹೊತ್ತು ಯೋಚಿಸುವುದು ಇಮೇಜ್ ಒಳಗೆ ಏನು ಇರಬಾರದು ಅನ್ನುವುದನ್ನು. ಕೆಳಗಿನ ಹಂತಗಳಲ್ಲಿ ಅದು ಮತ್ತೆ ಮತ್ತೆ ಬರುತ್ತದೆ.

ಶುರು ಮಾಡುವ ಮುಂಚೆ

ನಾಲ್ಕೈದು ಸಿಸ್ಟಮ್ ಇದ್ದು, ಅವೂ ಒಂದೊಂದು ಥರ ಇದ್ದರೆ ಇಮೇಜ್ ಗೋಜಿಗೆ ಹೋಗಬೇಡಿ. ಮಾದರಿ ಸಿದ್ಧ ಮಾಡಿ ಪರೀಕ್ಷೆ ಮಾಡುವುದಕ್ಕೇ ಒಂದೆರಡು ದಿನ ಹಿಡಿಯುತ್ತದೆ. ಹತ್ತು ದಾಟಿದರೆ, ಅದರಲ್ಲೂ ಒಂದೇ ಮಾಡೆಲ್ ಆಗಿದ್ದರೆ, ಆ ಶ್ರಮ ಖಂಡಿತ ವಾಪಸ್ ಬರುತ್ತದೆ.

ಆಮೇಲೆ ಲೈಸೆನ್ಸ್. ಕಂಪ್ಯೂಟರ್ ಜೊತೆಗೇ ಬರುವ ಒಇಎಂ ವಿಂಡೋಸ್‌ನಿಂದ ಇಮೇಜ್ ತೆಗೆದು ಬೇರೆ ಸಿಸ್ಟಮ್‌ಗಳಿಗೆ ಹಾಕುವ ಹಕ್ಕು ಆ ಲೈಸೆನ್ಸ್‌ನಲ್ಲಿ ಇರುವುದಿಲ್ಲ. ಆ ಹಕ್ಕು ಸಂಸ್ಥೆಗಳು ಹಲವು ಸಿಸ್ಟಮ್‌ಗಳಿಗೆ ಅಂತ ಕೊಳ್ಳುವ ವಾಲ್ಯೂಮ್ ಲೈಸೆನ್ಸ್ ಜೊತೆ ಬರುತ್ತದೆ. ಎಲ್ಲಾ ಸಿಸ್ಟಮ್‌ಗಳಲ್ಲಿ ಈಗಾಗಲೇ ಅದೇ ಎಡಿಷನ್‌ನ ಒಇಎಂ ಲೈಸೆನ್ಸ್ ಇದ್ದರೆ, ವಾಲ್ಯೂಮ್ ಲೈಸೆನ್ಸ್‌ನ ಡಿಸ್ಕ್‌ನಿಂದ ಇಮೇಜ್ ಮಾಡಿ ಹಾಕಲು ಅವಕಾಶ ಇದೆ. ಅದಕ್ಕೆ ಪ್ರತಿ ಸಿಸ್ಟಮ್‌ಗೂ ಬೇರೆ ವಾಲ್ಯೂಮ್ ಲೈಸೆನ್ಸ್ ಬೇಕಿಲ್ಲ. ಇದನ್ನು ಕೊನೆಗೆ ನೋಡಿದರಾಯಿತು ಅಂತ ಬಿಡಬೇಡಿ. ತಪ್ಪು ಎಡಿಷನ್ ಹಾಕಿ ಮುಗಿಸಿದ ಮೇಲೆ ಆಕ್ಟಿವೇಶನ್ ಆಗದಿದ್ದರೆ ಎಲ್ಲಾ ಮೊದಲಿನಿಂದ ಮಾಡಬೇಕಾಗುತ್ತದೆ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಈಗ ಹೊಸ ಇಮೇಜ್ ಮಾಡುವುದಾದರೆ ವಿಂಡೋಸ್ 11ರಲ್ಲೇ ಮಾಡಿ. ಅದಕ್ಕೆ ಟಿಪಿಎಂ 2.0 (ಕೀಗಳನ್ನು ಕಾಯುವ ಭದ್ರತಾ ಚಿಪ್), ಸೆಕ್ಯೂರ್ ಬೂಟ್ (ಸಹಿ ಇಲ್ಲದ ಬೂಟ್ ಸಾಫ್ಟ್‌ವೇರ್ ತಡೆಯುವ) ಸೌಲಭ್ಯವಿರುವ ಯುಇಎಫ್ಐ (ಸಿಸ್ಟಮ್ ಆನ್ ಆದಾಗ ಮೊದಲು ಓಡುವ ಫರ್ಮ್‌ವೇರ್), ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್ ಬೇಕು. ಹಳೇ ಸಿಸ್ಟಮ್‌ಗಳಿದ್ದರೆ ಮೊದಲು ಒಂದು ಪಟ್ಟಿ ಮಾಡಿಕೊಳ್ಳಿ. ಯಾವ ಮಾಡೆಲ್, ಎಷ್ಟು ಡಿಸ್ಕ್, ಯುಇಎಫ್ಐ ಮೋಡಾ ಅಥವಾ ಹಳೇ ಬಯೋಸ್ ಮೋಡಾ ಅಂತ. ಯುಇಎಫ್ಐಗೆ ಮಾಡಿದ ಇಮೇಜ್ ಹಳೇ ಬಯೋಸ್ ಮೋಡ್‌ನಲ್ಲಿ ಬೂಟ್ ಆಗುವುದಿಲ್ಲ.

ಮಾದರಿ ಸಿಸ್ಟಮ್ ಕಟ್ಟುವುದು

ಮಾದರಿಯನ್ನು ನಿಜವಾದ ಕಂಪ್ಯೂಟರ್ ಮೇಲೆ ಮಾಡಬೇಡಿ, ವರ್ಚುವಲ್ ಮೆಷಿನ್‌ನಲ್ಲಿ, ಅಂದರೆ ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್ ಸೃಷ್ಟಿಸುವ ಇನ್ನೊಂದು ಕಂಪ್ಯೂಟರ್‌ನಲ್ಲಿ ಮಾಡಿ. ಇದಕ್ಕೆ ಎರಡು ಕಾರಣ. ಒಂದು, ಯಾವುದೋ ಕಂಪನಿಯ ಡ್ರೈವರ್, ಜೊತೆಗೆ ಬರುವ ಬೇಡದ ಸಾಫ್ಟ್‌ವೇರ್ ಯಾವುದೂ ಇಮೇಜ್‌ಗೆ ಸೇರುವುದಿಲ್ಲ. ಎರಡು, ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಸ್ಥಿತಿಯ ಪ್ರತಿ, ತೆಗೆದಿಟ್ಟುಕೊಳ್ಳಬಹುದು. ಎಡವಿದರೆ ಒಂದು ಕ್ಲಿಕ್‌ನಲ್ಲಿ ಹಿಂದಕ್ಕೆ ಬರಬಹುದು. ವರ್ಚುವಲ್ ಮೆಷಿನ್‌ಗೆ ಮೈಕ್ರೋಸಾಫ್ಟ್‌ನ ಹೈಪರ್-ವಿ ಬಳಸಿದರೆ ಜನರೇಷನ್ 2 ಆರಿಸಿ, ಆಗ ಯುಇಎಫ್ಐ ಇರುತ್ತದೆ. ವಿಂಡೋಸ್ 11ಕ್ಕೆ ವರ್ಚುವಲ್ ಟಿಪಿಎಂ ಕೂಡ ಆನ್ ಮಾಡಬೇಕು. ಡಿಸ್ಕ್ ಮಾತ್ರ ಚಿಕ್ಕದೇ ಇರಲಿ, 64 ಜಿಬಿ ಸಾಕು. ಚಿಕ್ಕ ಡಿಸ್ಕಿನ ಇಮೇಜ್ ದೊಡ್ಡದಕ್ಕೆ ಸಲೀಸಾಗಿ ಇಳಿಯುತ್ತದೆ. ದೊಡ್ಡದರ ಇಮೇಜ್ ಚಿಕ್ಕದಕ್ಕೆ ಇಳಿಸಲು ಹೋದರೆ ಇಮೇಜ್ ತೆಗೆಯಲು, ಇಳಿಸಲು ನಾವು ಬಳಸುವ ಕ್ಲೋನ್‌ಜಿಲ್ಲಾ ಸುಮ್ನೆ ನಿಂತುಬಿಡುತ್ತದೆ.

ವಿಂಡೋಸ್ ಇನ್‌ಸ್ಟಾಲ್ ಆಗಿ, ಯಾವ ದೇಶ, ಯಾವ ಕೀಬೋರ್ಡ್ ಅಂತ ಕೇಳುವ ಮೊದಲ ಪರದೆ ಬಂದಾಗ ಅಲ್ಲೇ ನಿಲ್ಲಿ. ಏನನ್ನೂ ಆರಿಸದೆ ಕಂಟ್ರೋಲ್, ಶಿಫ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿ. ಸಿಸ್ಟಮ್ ರೀಸ್ಟಾರ್ಟ್ ಆಗಿ ಆಡಿಟ್ ಮೋಡ್‌ಗೆ ಹೋಗುತ್ತದೆ. ಇಲ್ಲಿ ವಿಂಡೋಸ್ ಒಳಗೇ ಇರುವ ಅಡ್ಮಿನಿಸ್ಟ್ರೇಟರ್ ಆಗಿ ಕೆಲಸ ಮಾಡುತ್ತೀರಿ, ಹೊಸ ಯೂಸರ್ ಯಾರನ್ನೂ ಸೃಷ್ಟಿಸಬೇಕಾಗಿಲ್ಲ. ಪ್ರತಿ ಸಲ ಆನ್ ಆದಾಗಲೂ ಸಿಸ್‌ಪ್ರೆಪ್ ಅನ್ನುವ ಚಿಕ್ಕ ಕಿಟಕಿ ತಾನಾಗೇ ಬರುತ್ತದೆ. ಸದ್ಯಕ್ಕೆ ಅದನ್ನು ಮುಚ್ಚಿಬಿಡಿ, ಅದರ ಕೆಲಸ ಮುಂದೆ ಬರುತ್ತದೆ.

ಈಗ ಸಾಫ್ಟ್‌ವೇರ್ ಹಾಕುವ ಸಮಯ. ಎಲ್ಲರಿಗೂ ಬೇಕಾಗುವುದನ್ನು ಮಾತ್ರ ಹಾಕಿ. ವಿಂಡೋಸ್ ಅಪ್‌ಡೇಟ್‌ಗಳು, ಆಫೀಸ್ ಸೂಟ್, ಬ್ರೌಸರ್, ಪಿಡಿಎಫ್ ರೀಡರ್, ಫಾಂಟ್, ಕೀಬೋರ್ಡ್ ಲೇಔಟ್. ಲೆಕ್ಕಪತ್ರ ವಿಭಾಗಕ್ಕೆ ಮಾತ್ರ ಬೇಕಾದ ಸಾಫ್ಟ್‌ವೇರ್ ಇಮೇಜ್‌ನಲ್ಲಿ ಬೇಡ, ಅದನ್ನು ಆಮೇಲೆ ಆ ವಿಭಾಗದ ಸಿಸ್ಟಮ್‌ಗಳಿಗೆ ಹಾಕಿಕೊಳ್ಳಿ. ಇಮೇಜ್ ತೆಳ್ಳಗಿದ್ದಷ್ಟೂ ಅದರ ಆಯಸ್ಸು ಜಾಸ್ತಿ.

ಇಮೇಜ್ ಒಳಗೆ ಹೋಗಲೇಬಾರದ ವಸ್ತುಗಳೂ ಇವೆ. ಆಂಟಿವೈರಸ್‌ನ ಏಜೆಂಟ್ (ಸರ್ವರ್‌ಗೆ ವರದಿ ಮಾಡುವ ಪುಟ್ಟ ಸಾಫ್ಟ್‌ವೇರ್), ಬ್ಯಾಕಪ್ ಏಜೆಂಟ್, ದೂರದಿಂದ ಸಿಸ್ಟಮ್ ನೋಡುವ ರಿಮೋಟ್ ಸಾಫ್ಟ್‌ವೇರ್ ಇಂಥವು ಇನ್‌ಸ್ಟಾಲ್ ಆದ ಕ್ಷಣ ತಮಗೊಂದು ಗುರುತಿನ ನಂಬರ್ ಮಾಡಿಕೊಳ್ಳುತ್ತವೆ. ಅದನ್ನು ಇಮೇಜ್‌ಗೆ ಸೇರಿಸಿದರೆ ಮೂವತ್ತು ಸಿಸ್ಟಮ್‌ಗೂ ಒಂದೇ ನಂಬರ್ ಆಗುತ್ತದೆ, ಸರ್ವರ್‌ಗೆ ಯಾವುದು ಯಾವುದೋ ತಿಳಿಯುವುದಿಲ್ಲ. ವೈ-ಫೈ ಪಾಸ್‌ವರ್ಡ್, ಬ್ರೌಸರ್‌ನಲ್ಲಿ ಉಳಿಸಿದ ಲಾಗಿನ್, ಯಾರದೋ ಇಮೇಲ್ ಖಾತೆ ಇವೂ ಅಷ್ಟೇ. ಇಮೇಜ್ ಫೈಲ್ ಯಾರ ಕೈಗೆ ಸಿಕ್ಕರೂ ಅದರೊಳಗಿನದ್ದೆಲ್ಲಾ ಅವರಿಗೆ ಸಿಕ್ಕ ಹಾಗೆ.

ಮಾದರಿಯನ್ನು ಡೊಮೇನ್‌ಗೆ (ಆಫೀಸಿನ ಸಿಸ್ಟಮ್, ಲಾಗಿನ್‌ಗಳನ್ನು ಸರ್ವರ್‌ನಿಂದಲೇ ನೋಡಿಕೊಳ್ಳುವ ವ್ಯವಸ್ಥೆ) ಸೇರಿಸಬೇಡಿ. ಹೇಗೂ ಸಿಸ್‌ಪ್ರೆಪ್ ಅದನ್ನು ಡೊಮೇನ್‌ನಿಂದ ಹೊರಗೆ ತೆಗೆಯುತ್ತದೆ, ಆದರೆ ಅಷ್ಟರಲ್ಲಿ ಡೊಮೇನ್ ಹೇರುವ ಗ್ರೂಪ್ ಪಾಲಿಸಿ ಸೆಟ್ಟಿಂಗ್‌ಗಳು ತಮ್ಮ ಗುರುತು ಬಿಟ್ಟು ಹೋಗಿರುತ್ತವೆ.

ಸಿಸ್‌ಪ್ರೆಪ್: ಬಿಡಬಾರದ ಹಂತ

ಈ ಹಂತವನ್ನು ನಾನು ಒಮ್ಮೆ ಬಿಟ್ಟಿದ್ದೆ. ಕೆಲಸಕ್ಕೆ ಸೇರಿದ ಹೊಸತು. ಹದಿನೆಂಟು ಸಿಸ್ಟಮ್‌ಗಳಿಗೆ ಒಂದರ ಡಿಸ್ಕ್ ಅನ್ನು ಹಾಗೇ ಕ್ಲೋನ್ ಮಾಡಿ ಹಾಕಿದೆ. ಎಲ್ಲಾ ಬೂಟ್ ಆದವು, ಹೆಸರು ಬದಲಿಸಿದೆ, ಜನ ಕೆಲಸ ಶುರು ಮಾಡಿದರು. ಎರಡು ವಾರ ಬಿಟ್ಟು ಅಪ್‌ಡೇಟ್ ಸರ್ವರ್ ತೆರೆದು ನೋಡಿದರೆ ಪಟ್ಟಿಯಲ್ಲಿ ಹದಿನೆಂಟು ಹೆಸರು ಇರಬೇಕಾದ ಕಡೆ ಇದ್ದದ್ದು ಒಂದೇ. ರಿಫ್ರೆಶ್ ಒತ್ತಿದೆ. ಆ ಒಂದು ಹೆಸರೂ ಬದಲಾಯಿತು. ಇನ್ನೊಂದು ಸಲ ಒತ್ತಿದಾಗ ಮೂರನೆಯದು. ಹದಿನೆಂಟೂ ಸಿಸ್ಟಮ್‌ಗಳು ಒಂದೇ ಗುರುತು ಹೊತ್ತುಕೊಂಡು, ಸರದಿಯ ಮೇಲೆ ಬಂದು ಒಂದೇ ಜಾಗದಲ್ಲಿ ಕೂರುತ್ತಿದ್ದವು. ಅದನ್ನು ಸರಿಮಾಡಲು ಒಂದೊಂದು ಸಿಸ್ಟಮ್ ಮುಂದೆಯೂ ಹೋಗಿ ಕೂರಬೇಕಾಯಿತು.

ಆ ಗುರುತುಗಳನ್ನು ಅಳಿಸುವುದೇ ಸಿಸ್‌ಪ್ರೆಪ್ ಕೆಲಸ. ಪ್ರತಿ ವಿಂಡೋಸ್‌ಗೂ ಎಸ್ಐಡಿ ಅನ್ನುವ ಒಂದು ಭದ್ರತಾ ಗುರುತು ಇರುತ್ತದೆ. ಒಂದೇ ಎಸ್ಐಡಿ ಇದ್ದರೂ ತೊಂದರೆ ಇಲ್ಲ ಅಂತ ಹೇಳುವವರು ಇದ್ದಾರೆ, ಬಹಳ ಕಾಲ ಅದು ಹೆಚ್ಚುಕಮ್ಮಿ ನಡೆಯುತ್ತಲೂ ಇತ್ತು. ಈಗ ನಡೆಯುವುದಿಲ್ಲ. 2025ರ ಆಗಸ್ಟ್ ಕೊನೆಯಿಂದ ಬಂದ ಅಪ್‌ಡೇಟ್‌ಗಳಲ್ಲಿ ವಿಂಡೋಸ್ 11ರ 24ಎಚ್2, 25ಎಚ್2 ವರ್ಷನ್‌ಗಳು ಮತ್ತು ವಿಂಡೋಸ್ ಸರ್ವರ್ 2025 ಈ ಗುರುತನ್ನು ಬಿಗಿಯಾಗಿ ನೋಡುತ್ತವೆ. ಎರಡು ಸಿಸ್ಟಮ್‌ಗಳ ಎಸ್ಐಡಿ ಒಂದೇ ಆಗಿದ್ದರೆ ಅವುಗಳ ನಡುವೆ ಲಾಗಿನ್ ವಿಫಲವಾಗುತ್ತದೆ. ಶೇರ್ ಮಾಡಿದ ಫೋಲ್ಡರ್ ತೆರೆಯುವುದಿಲ್ಲ, ರಿಮೋಟ್ ಡೆಸ್ಕ್‌ಟಾಪ್ ಒಳಗೆ ಬಿಡುವುದಿಲ್ಲ, ಪಾಸ್‌ವರ್ಡ್ ಸರಿಯಿದ್ದರೂ ತಪ್ಪು ಅನ್ನುತ್ತದೆ. ವಾಲ್ಯೂಮ್ ಲೈಸೆನ್ಸ್‌ನ ಕೆಎಂಎಸ್ ಆಕ್ಟಿವೇಶನ್ (ಆಫೀಸಿನ ಸರ್ವರ್‌ನಿಂದಲೇ ವಿಂಡೋಸ್ ಆಕ್ಟಿವೇಟ್ ಮಾಡುವುದು) ಬಳಸುವವರಿಗೆ ಇನ್ನೊಂದು ಕಾರಣವೂ ಇದೆ. ಕೆಎಂಎಸ್ ಸರ್ವರ್ ಕನಿಷ್ಠ 25 ಬೇರೆ ಬೇರೆ ಸಿಸ್ಟಮ್‌ಗಳನ್ನು ನೋಡಿದ ಮೇಲೇ ವಿಂಡೋಸ್ ಆಕ್ಟಿವೇಟ್ ಮಾಡುತ್ತದೆ. ಸಿಸ್‌ಪ್ರೆಪ್ ಆಗದ ಮೂವತ್ತು ಸಿಸ್ಟಮ್‌ಗಳು ಅದರ ಕಣ್ಣಿಗೆ ಒಂದೇ, ಲೆಕ್ಕ ಮುಂದಕ್ಕೇ ಹೋಗುವುದಿಲ್ಲ.

ಸಿಸ್‌ಪ್ರೆಪ್ ಓಡಿಸುವ ಮುಂಚೆ ಈ ನಾಲ್ಕು ಮಾಡಿ:

1. ಇಂಟರ್ನೆಟ್ ಕಿತ್ತುಹಾಕಿ. ಅಪ್‌ಡೇಟ್ ಎಲ್ಲಾ ಮುಗಿದ ಮೇಲೆ ಮಾದರಿಗೆ ನೆಟ್ ಬೇಕಿಲ್ಲ. ನೆಟ್ ಇದ್ದರೆ ಸ್ಟೋರ್ ಆ್ಯಪ್‌ಗಳು ತಾವಾಗೇ ಅಪ್‌ಡೇಟ್ ಆಗುತ್ತವೆ. ಸಿಸ್‌ಪ್ರೆಪ್ ಮಧ್ಯದಲ್ಲಿ ಕೈಕೊಡುವುದಕ್ಕೆ ಬಹಳ ಸಲ ಇದೇ ಕಾರಣ.
2. ಡಿಸ್ಕಿನ ಡೇಟಾಕ್ಕೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಆನ್ ಆಗಿದೆಯಾ ನೋಡಿ. ಆಗಿದ್ದರೆ ಆಫ್ ಮಾಡಿ, ಪೂರ್ತಿ ಡಿಕ್ರಿಪ್ಟ್ ಆಗುವವರೆಗೆ ಕಾಯಿರಿ.
3. ಟೆಂಪ್ ಫೈಲ್, ರೀಸೈಕಲ್ ಬಿನ್, ಇಳಿಸಿಕೊಂಡ ಇನ್‌ಸ್ಟಾಲರ್‌ಗಳನ್ನು ಅಳಿಸಿ. ವರ್ಚುವಲ್ ಮೆಷಿನ್‌ಗೆ ಅಂತ ಹಾಕಿದ ಗೆಸ್ಟ್ ಟೂಲ್ಸ್ ಇದ್ದರೆ ತೆಗೆಯಿರಿ.
4. ವರ್ಚುವಲ್ ಮೆಷಿನ್ ಆಫ್ ಮಾಡಿ ಸ್ನ್ಯಾಪ್‌ಶಾಟ್ ತೆಗೆಯಿರಿ. ಹೆಸರಿನಲ್ಲಿ ತಾರೀಖು ಇರಲಿ. ಮುಂದಿನ ಸಲ ಇಮೇಜ್ ಹೊಸದು ಮಾಡುವಾಗ ನೀವು ಶುರು ಮಾಡುವುದು ಇಲ್ಲಿಂದಲೇ.

ಈಗ ಸಿಸ್‌ಪ್ರೆಪ್ ಕಿಟಕಿಯಲ್ಲಿ ಮೇಲಿನ ಆಯ್ಕೆ ಔಟ್ ಆಫ್ ಬಾಕ್ಸ್ ಎಕ್ಸ್‌ಪೀರಿಯೆನ್ಸ್ ಇರಲಿ. ಜನರಲೈಸ್ ಅನ್ನುವ ಚೌಕಕ್ಕೆ ಟಿಕ್ ಹಾಕಿ. ಗುರುತುಗಳನ್ನು ಅಳಿಸುವುದು ಈ ಟಿಕ್, ಇದನ್ನು ಮರೆತರೆ ಉಳಿದದ್ದೆಲ್ಲಾ ಮಾಡಿಯೂ ಪ್ರಯೋಜನ ಇಲ್ಲ. ಕೆಳಗೆ ಶಟ್‌ಡೌನ್ ಆರಿಸಿ ಓಕೆ ಒತ್ತಿ. ಸ್ವಲ್ಪ ಹೊತ್ತಿಗೆ ಮೆಷಿನ್ ತಾನೇ ಆಫ್ ಆಗುತ್ತದೆ. ಆಫ್ ಆದ ಮೇಲೆ ಅದನ್ನು ಡಿಸ್ಕಿನಿಂದ ಆನ್ ಮಾಡಲೇಬೇಡಿ. ಆನ್ ಮಾಡಿದರೆ ಹೊಸ ಗುರುತುಗಳು ಅಲ್ಲೇ ಹುಟ್ಟಿಕೊಳ್ಳುತ್ತವೆ, ಮತ್ತೆ ಸ್ನ್ಯಾಪ್‌ಶಾಟ್‌ಗೆ ಹೋಗಬೇಕು.

ಸಿಸ್‌ಪ್ರೆಪ್ ವಿಫಲವಾದರೆ ಗಾಬರಿ ಬೇಡ. ಸಿಸ್ಟಮ್32 ಒಳಗಿನ ಸಿಸ್‌ಪ್ರೆಪ್ ಫೋಲ್ಡರ್‌ನಲ್ಲಿ ಪ್ಯಾಂಥರ್ ಅಂತ ಇನ್ನೊಂದು ಫೋಲ್ಡರ್ ಇರುತ್ತದೆ. ಅಲ್ಲಿನ ಸೆಟಪ್‌ಆಕ್ಟ್ ಲಾಗ್ ತೆರೆದು ಕೊನೆಯ ಸಾಲುಗಳನ್ನು ಓದಿ. ಒಂದು ಆ್ಯಪ್‌ನ ಹೆಸರು ಹೇಳಿ, ಅದು ಒಬ್ಬ ಯೂಸರ್‌ಗೆ ಮಾತ್ರ ಇನ್‌ಸ್ಟಾಲ್ ಆಗಿದೆ, ಎಲ್ಲರಿಗೂ ಅಲ್ಲ ಅಂತ ಬರೆದಿದ್ದರೆ, ವಿಂಡೋಸ್‌ನ ಕಮಾಂಡ್ ಟೂಲ್ ಪವರ್‌ಶೆಲ್‌ನಿಂದ ಆ ಒಂದು ಆ್ಯಪ್ ತೆಗೆದು ಮತ್ತೆ ಓಡಿಸಿ. ಇನ್ನೊಂದು ಆ್ಯಪ್ ಹೆಸರು ಬರಬಹುದು, ಅದನ್ನೂ ತೆಗೆಯಿರಿ.

ಮೂವತ್ತು ಸಿಸ್ಟಮ್‌ನಲ್ಲೂ ದೇಶ, ಕೀಬೋರ್ಡ್, ಖಾತೆ ಅಂತ ಒಂದೊಂದೇ ಪ್ರಶ್ನೆಗೆ ಉತ್ತರ ಕೊಡುತ್ತಾ ಕೂರಬಾರದು ಅಂದರೆ ಆ ಉತ್ತರಗಳನ್ನು ಮೊದಲೇ ಬರೆದಿಟ್ಟ ಆನ್ಸರ್ ಫೈಲ್ ಮಾಡಿಕೊಳ್ಳಿ. ಮೈಕ್ರೋಸಾಫ್ಟ್‌ನ ಎಡಿಕೆ ಅನ್ನುವ ಟೂಲ್‌ಗಳ ಗುಂಪಿನಲ್ಲಿ ಬರುವ ವಿಂಡೋಸ್ ಸಿಸ್ಟಮ್ ಇಮೇಜ್ ಮ್ಯಾನೇಜರ್‌ನಿಂದ ಅದನ್ನು ಮಾಡಬಹುದು. ಒಂದು ಎಚ್ಚರಿಕೆ: ಅದರೊಳಗೆ ಪಾಸ್‌ವರ್ಡ್ ಬರೆದರೆ ಅದು ಸುಲಭವಾಗಿ ಓದುವ ಹಾಗೇ ಇರುತ್ತದೆ. ತಾತ್ಕಾಲಿಕ ಪಾಸ್‌ವರ್ಡ್ ಮಾತ್ರ ಬರೆಯಿರಿ, ಇಳಿಸಿದ ಮೇಲೆ ಫೈಲ್ ಅಳಿಸಿ.

ಇಮೇಜ್ ತೆಗೆಯುವುದು

ಇದಕ್ಕೆ ಕ್ಲೋನ್‌ಜಿಲ್ಲಾ ಬಳಸಿ. ಉಚಿತ, ಓಪನ್ ಸೋರ್ಸ್, ತೈವಾನ್‌ನಲ್ಲಿ ಹುಟ್ಟಿದ್ದು. ಅದರ ಐಎಸ್ಒ ಫೈಲ್‌ನಿಂದ ವರ್ಚುವಲ್ ಮೆಷಿನ್ ಬೂಟ್ ಮಾಡಿ, ಡಿವೈಸ್-ಇಮೇಜ್ ಆರಿಸಿ, ಇಮೇಜ್ ಎಲ್ಲಿ ಇಡಬೇಕು ಅಂತ ತೋರಿಸಿ. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಆಗಬಹುದು, ನೆಟ್‌ವರ್ಕ್‌ನ ಶೇರ್ ಫೋಲ್ಡರ್ ಆಗಬಹುದು. ಆಮೇಲೆ ಬಿಗಿನರ್ ಮೋಡ್, ಸೇವ್‌ಡಿಸ್ಕ್. ಉಳಿಸಿದ ಇಮೇಜ್ ಅನ್ನು ಪರೀಕ್ಷಿಸಬೇಕಾ ಅಂತ ಕೇಳಿದಾಗ ಹೌದು ಅನ್ನಿ. ಐದು ನಿಮಿಷ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ.

ಕ್ಲೋನ್‌ಜಿಲ್ಲಾ ಡಿಸ್ಕಿನಲ್ಲಿ ಡೇಟಾ ಇರುವ ಭಾಗವನ್ನು ಮಾತ್ರ ಓದಿ ಕುಗ್ಗಿಸಿಡುತ್ತದೆ. ಹಾಗಾಗಿ 64 ಜಿಬಿ ಡಿಸ್ಕಿನ ಇಮೇಜ್ ಅದಕ್ಕಿಂತ ಬಹಳ ಚಿಕ್ಕದಾಗಿ ಬರುತ್ತದೆ. ವಿಂಡೋಸ್ ಹೈಬರ್ನೇಟ್ ಆಗಿದೆ, ಫೈಲ್ ಸಿಸ್ಟಮ್ ಸರಿಯಾಗಿ ಮುಚ್ಚಿಲ್ಲ ಅಂತ ತಕರಾರು ಬಂದರೆ ಅದು ಫಾಸ್ಟ್ ಸ್ಟಾರ್ಟಪ್ ಕೆಲಸ. ಮಾದರಿಯಲ್ಲಿ ಅದನ್ನು ಮೊದಲೇ ಆಫ್ ಮಾಡಿಟ್ಟರೆ ಈ ಕಿರಿಕಿರಿ ಇರುವುದಿಲ್ಲ.

ಮೊದಲು ಒಂದೇ ಒಂದಕ್ಕೆ

ಪ್ರತಿ ಮಾಡೆಲ್‌ನಿಂದ ಒಂದು ಸಿಸ್ಟಮ್ ತೆಗೆದುಕೊಳ್ಳಿ. ಪೆನ್‌ಡ್ರೈವ್‌ನಿಂದ ಕ್ಲೋನ್‌ಜಿಲ್ಲಾ ಬೂಟ್ ಮಾಡಿ, ರಿಸ್ಟೋರ್‌ಡಿಸ್ಕ್ ಮೂಲಕ ಇಮೇಜ್ ಇಳಿಸಿ. ಯಾವ ಡಿಸ್ಕಿಗೆ ಅಂತ ಕೇಳುವಾಗ ಗಾತ್ರ ನೋಡಿ ಆರಿಸಿ. ಎರಡು ಡಿಸ್ಕ್ ಇರುವ ಸಿಸ್ಟಮ್ ಆದರೆ ಎರಡನೆಯದರ ಕೇಬಲ್ ಬಿಚ್ಚಿಡುವುದೇ ಒಳ್ಳೇದು. ಕ್ಲೋನ್‌ಜಿಲ್ಲಾ ಎರಡು ಸಲ ಕೇಳಿ ಖಚಿತ ಮಾಡಿಕೊಳ್ಳುತ್ತದೆ, ಆದರೆ ಆತುರದಲ್ಲಿ ಎರಡು ಸಲವೂ ಹೌದು ಒತ್ತಿಬಿಡುವುದು ಸುಲಭ. ಡಿಸ್ಕೇ ಕಾಣದಿದ್ದರೆ, ಅಥವಾ ಇಳಿಸಿದ ಮೇಲೆ ವಿಂಡೋಸ್ ಬೂಟ್ ಡಿವೈಸ್ ಸಿಗುತ್ತಿಲ್ಲ ಅಂತ ನೀಲಿ ಪರದೆ ತೋರಿಸಿದರೆ, ಫರ್ಮ್‌ವೇರ್ ಸೆಟ್ಟಿಂಗ್‌ನಲ್ಲಿ ಸ್ಟೋರೇಜ್ ಮೋಡ್ ನೋಡಿ. ರೇಡ್ (RAID) ಅಥವಾ ವಿಎಂಡಿ (VMD) ಅಂತ ಇರುತ್ತದೆ. ಅದನ್ನು ಎಎಚ್‌ಸಿಐಗೆ (AHCI) ಬದಲಿಸಿ, ಇಲ್ಲವೇ ಆ ಕಂಟ್ರೋಲರ್‌ನ ಡ್ರೈವರ್ ಅನ್ನು ಇಮೇಜ್‌ಗೆ ಸೇರಿಸಿ.

ಬೂಟ್ ಆದ ಮೇಲೆ ಮೊದಲು ನೋಡಬೇಕಾದದ್ದು ಸಿ ಡ್ರೈವ್‌ನ ಗಾತ್ರ. 512 ಜಿಬಿ ಡಿಸ್ಕಿನಲ್ಲಿ ಸಿ ಡ್ರೈವ್ 63 ಜಿಬಿ ಮಾತ್ರ ಕಾಣಬಹುದು. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಹಿಗ್ಗಿಸೋಣ ಅಂದರೆ ಎಕ್ಸ್‌ಟೆಂಡ್ ಆಯ್ಕೆ ಮಂಕಾಗಿರುತ್ತದೆ. ಚಿತ್ರದಲ್ಲಿ ಎಡದಿಂದ ಬಲಕ್ಕೆ ನೋಡಿ: ಇಎಫ್ಐ ಪಾರ್ಟಿಷನ್, ಸಿ ಡ್ರೈವ್, ಆಮೇಲೆ ಪುಟ್ಟ ರಿಕವರಿ ಪಾರ್ಟಿಷನ್, ಅದರ ಆಚೆ ಖಾಲಿ ಜಾಗ. ಖಾಲಿ ಜಾಗ ಸಿ ಡ್ರೈವ್ ಪಕ್ಕದಲ್ಲೇ ಇದ್ದರೆ ಮಾತ್ರ ಹಿಗ್ಗಿಸಬಹುದು, ಇಲ್ಲಿ ನಡುವೆ ರಿಕವರಿ ಅಡ್ಡ ಕೂತಿದೆ. ಕ್ಲೋನ್‌ಜಿಲ್ಲಾದ ಎಕ್ಸ್‌ಪರ್ಟ್ ಮೋಡ್‌ನಲ್ಲಿ ಪಾರ್ಟಿಷನ್ ಟೇಬಲ್ ಅನ್ನು ಡಿಸ್ಕಿನ ಗಾತ್ರಕ್ಕೆ ತಕ್ಕಂತೆ ಮಾಡು ಅನ್ನುವ ಕೆ1 ಆಯ್ಕೆ ಇದೆ. ಅದನ್ನು ಆರಿಸಿ ಮತ್ತೆ ಇಳಿಸಿದರೆ ಸರಿಹೋಗುತ್ತದೆ. ಇದು ಮೊದಲ ಸಿಸ್ಟಮ್‌ನಲ್ಲೇ ಕಣ್ಣಿಗೆ ಬಿದ್ದರೆ ಹತ್ತು ನಿಮಿಷದ ಕೆಲಸ.

ಆಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಇದೆಯಾ, ವಿಂಡೋಸ್ ಆಕ್ಟಿವೇಟ್ ಆಗಿದೆಯಾ, ಶಬ್ದ, ಕ್ಯಾಮೆರಾ, ಎರಡನೇ ಮಾನಿಟರ್, ಪ್ರಿಂಟರ್ ಎಲ್ಲಾ ನಡೆಯುತ್ತಾ ನೋಡಿ. ಲ್ಯಾಪ್‌ಟಾಪ್ ಆದರೆ ಮುಚ್ಚಿ ತೆರೆದು ನೋಡಿ. ಡ್ರೈವರ್ ಬೇಕಿದ್ದರೆ ಆ ಮಾಡೆಲ್‌ಗೆ ತಯಾರಕರು ಕೊಡುವ ಡ್ರೈವರ್ ಪ್ಯಾಕ್ ಇಳಿಸಿಕೊಂಡು ಬೇರೆ ಫೋಲ್ಡರ್‌ನಲ್ಲಿ ಇಡಿ, ಬೂಟ್‌ಗೆ ಬೇಕಾದ ಸ್ಟೋರೇಜ್ ಡ್ರೈವರ್ ಬಿಟ್ಟು ಬೇರೇನನ್ನೂ ಇಮೇಜ್ ಒಳಗೆ ಬೆರೆಸಬೇಡಿ. ಕೊನೆಗೆ, ದಿನವೂ ಆ ಸಿಸ್ಟಮ್‌ನಲ್ಲಿ ಕೆಲಸ ಮಾಡುವ ಒಬ್ಬರನ್ನು ಕರೆದು ಒಂದು ದಿನ ಬಳಸಲು ಕೊಡಿ. ನಮಗೆ ಹೊಳೆಯದ ಎರಡು ಕೊರತೆಯನ್ನಾದರೂ ಅವರು ಸಂಜೆಯೊಳಗೆ ಹೇಳುತ್ತಾರೆ.

ನೆಟ್‌ವರ್ಕ್ ಮೂಲಕ ಎಲ್ಲದಕ್ಕೂ

ಆರೇಳು ಸಿಸ್ಟಮ್ ಆದರೆ ಪೆನ್‌ಡ್ರೈವ್ ಮತ್ತು ಎಕ್ಸ್‌ಟರ್ನಲ್ ಡಿಸ್ಕ್ ಸಾಕು. ಜಾಸ್ತಿ ಇದ್ದರೆ ನೆಟ್‌ವರ್ಕ್ ಮೂಲಕ ಮಲ್ಟಿಕಾಸ್ಟ್ ಮಾಡಿ. ಲೆಕ್ಕ ಹೀಗಿದೆ. ಗಿಗಾಬಿಟ್ ನೆಟ್‌ವರ್ಕ್‌ನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಹರಿಯುತ್ತದೆ. 20 ಜಿಬಿ ಇಮೇಜ್ ಒಂದು ಸಿಸ್ಟಮ್‌ಗೆ ಹೋಗಲು ಮೂರು ನಿಮಿಷ. ಮೂವತ್ತಕ್ಕೆ ಬೇರೆ ಬೇರೆಯಾಗಿ ಕಳಿಸಿದರೆ 600 ಜಿಬಿ, ಅಂದರೆ ಒಂದೂವರೆ ಗಂಟೆ. ಮಲ್ಟಿಕಾಸ್ಟ್‌ನಲ್ಲಿ ಸರ್ವರ್ ಒಂದೇ ಸಲ ಕಳಿಸುತ್ತದೆ, ಎಲ್ಲವೂ ಅದನ್ನೇ ಕೇಳಿಸಿಕೊಂಡು ಬರೆದುಕೊಳ್ಳುತ್ತವೆ. ಡಿಸ್ಕಿಗೆ ಬರೆಯುವುದು, ಪಾರ್ಟಿಷನ್ ಮಾಡುವುದು ಸೇರಿಸಿದರೂ ಕಾಲು ಗಂಟೆಯೊಳಗೆ ಮುಗಿಯಬಹುದು.

ಕ್ಲೋನ್‌ಜಿಲ್ಲಾದಲ್ಲೇ ಲೈಟ್ ಸರ್ವರ್ ಅನ್ನುವ ಆಯ್ಕೆ ಇದೆ. ಒಂದು ಸಿಸ್ಟಮ್ ಅನ್ನು ಕ್ಲೋನ್‌ಜಿಲ್ಲಾದಿಂದ ಬೂಟ್ ಮಾಡಿ ಅದನ್ನು ಆರಿಸಿ, ಇಮೇಜ್ ಇರುವ ಡಿಸ್ಕ್ ತೋರಿಸಿ, ಮಲ್ಟಿಕಾಸ್ಟ್ ಆರಿಸಿ, ಎಷ್ಟು ಸಿಸ್ಟಮ್‌ಗಾಗಿ ಕಾಯಬೇಕು ಅಂತ ಹೇಳಿ. ಉಳಿದವುಗಳನ್ನು ಆನ್ ಮಾಡುವಾಗ ಎಫ್12 ಅಥವಾ ಆ ಮಾಡೆಲ್‌ನ ಬೂಟ್ ಕೀ ಒತ್ತಿ ನೆಟ್‌ವರ್ಕ್ ಬೂಟ್ ಆರಿಸಿ. ಸಂಖ್ಯೆ ತುಂಬಿದ ಕೂಡಲೇ ಎಲ್ಲವೂ ಒಟ್ಟಿಗೆ ಶುರುವಾಗುತ್ತವೆ. ವರ್ಷಕ್ಕೆ ಹಲವು ಸಲ ಈ ಕೆಲಸ ಇದ್ದರೆ ಫಾಗ್ ಪ್ರಾಜೆಕ್ಟ್ ನೋಡಿ. ಅದೂ ಉಚಿತ. ಲಿನಕ್ಸ್ ಸರ್ವರ್ ಒಂದರಲ್ಲಿ ಹಾಕಿಟ್ಟರೆ ಬ್ರೌಸರ್‌ನಲ್ಲೇ ಸಿಸ್ಟಮ್‌ಗಳ ಪಟ್ಟಿ, ಗುಂಪು, ಹೆಸರು ಬದಲಾವಣೆ, ಡೊಮೇನ್ ಸೇರಿಸುವುದು ಎಲ್ಲಾ ಆಗುತ್ತದೆ. ನೆಟ್‌ವರ್ಕ್ ಬೂಟ್ ಆಗದಿದ್ದರೆ ಸೆಕ್ಯೂರ್ ಬೂಟ್ ಸ್ವಲ್ಪ ಹೊತ್ತು ಆಫ್ ಮಾಡಬೇಕಾಗಬಹುದು. ಮುಗಿದ ಮೇಲೆ ಆನ್ ಮಾಡಲು ಮರೆಯಬೇಡಿ.

ಡಿಎಚ್‌ಸಿಪಿ ವಿಷಯದಲ್ಲಿ ಹುಷಾರು. ಸಿಸ್ಟಮ್‌ಗಳಿಗೆ ಐಪಿ ವಿಳಾಸ ಹಂಚುವ ಸೇವೆ ಅದು, ಆಫೀಸಿನ ನೆಟ್‌ವರ್ಕ್‌ನಲ್ಲಿ ಈಗಾಗಲೇ ಒಂದು ಇರುತ್ತದೆ. ನೀವು ಇನ್ನೊಂದನ್ನು ಶುರು ಮಾಡಿದರೆ ಕೆಲಸ ಮಾಡುತ್ತಿರುವ ಜನರ ಸಿಸ್ಟಮ್‌ಗಳು ತಪ್ಪು ಐಪಿ ಪಡೆದು ನೆಟ್ ಕಳೆದುಕೊಳ್ಳುತ್ತವೆ. ಇಳಿಸುವ ಸಿಸ್ಟಮ್‌ಗಳಿಗೆ ಒಂದು ಪ್ರತ್ಯೇಕ ಸ್ವಿಚ್ ಇಟ್ಟುಕೊಂಡು, ಅದನ್ನು ಆಫೀಸಿನ ಕೇಬಲ್‌ಗೆ ಸೇರಿಸದೆ ಮಾಡುವುದು ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ. ಆಫೀಸಿನ ಡಿಎಚ್‌ಸಿಪಿಯನ್ನೇ ಬಳಸುವುದಾದರೆ ಆಪ್ಷನ್ 66ರಲ್ಲಿ ಸರ್ವರ್ ವಿಳಾಸ, 67ರಲ್ಲಿ ಬೂಟ್ ಫೈಲ್ ಹೆಸರು ಕೊಡಬೇಕು. ಯುಇಎಫ್ಐಗೂ ಹಳೇ ಬಯೋಸ್‌ಗೂ ಬೂಟ್ ಫೈಲ್ ಬೇರೆ ಅನ್ನುವುದು ನೆನಪಿರಲಿ.

ಮಲ್ಟಿಕಾಸ್ಟ್‌ನಲ್ಲಿ ಎಲ್ಲರಿಗಿಂತ ನಿಧಾನದವನ ವೇಗವೇ ಎಲ್ಲರ ವೇಗ. ಒಮ್ಮೆ ಇಪ್ಪತ್ತು ಸಿಸ್ಟಮ್‌ಗೆ ಶುರು ಮಾಡಿದಾಗ ಎಲ್ಲಾ ಪರದೆಗಳಲ್ಲೂ ವೇಗ ನಿಮಿಷಕ್ಕೆ ಒಂದು ಜಿಬಿ ಆಸುಪಾಸಿನಲ್ಲೇ ತೆವಳುತ್ತಿತ್ತು. ಇಮೇಜ್ ನೋಡಿದೆ, ಸರ್ವರ್ ಡಿಸ್ಕ್ ನೋಡಿದೆ, ಏನೂ ಸಿಗಲಿಲ್ಲ. ಕೊನೆಗೆ ಸ್ವಿಚ್ ಮುಂದೆ ಬಗ್ಗಿ ನೋಡಿದರೆ ಹತ್ತೊಂಬತ್ತು ಪೋರ್ಟ್‌ನ ದೀಪ ಹಸಿರು, ಒಂದು ಮಾತ್ರ ಕಿತ್ತಳೆ. ಆ ಸ್ವಿಚ್‌ನಲ್ಲಿ ಕಿತ್ತಳೆ ಅಂದರೆ 100 ಎಂಬಿಪಿಎಸ್. ಆ ಕೇಬಲ್ ಮೇಜಿನ ಕಾಲಿನ ಅಡಿ ಸಿಕ್ಕಿ ನಜ್ಜಾಗಿತ್ತು. ಗಿಗಾಬಿಟ್‌ಗೆ ಕೇಬಲ್ ಒಳಗಿನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡು ಜೋಡಿ ಸಾಕು. ಹಾಗಾಗಿ ಉಳಿದೆರಡು ಜೋಡಿಯಲ್ಲಿ ಒಂದು ತಂತಿ ಕಡಿದರೂ ನೆಟ್ ನಡೆಯುತ್ತಲೇ ಇರುತ್ತದೆ, ಮಾಮೂಲಿ ಕೆಲಸದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಕೇಬಲ್ ಬದಲಿಸಿದೆ, ಉಳಿದದ್ದು ಸರಸರನೆ ಮುಗಿಯಿತು. ಈಗ ಶುರು ಮಾಡುವ ಮುಂಚೆ ಸ್ವಿಚ್‌ನ ದೀಪಗಳನ್ನು ಒಂದು ಸಲ ನೋಡಿಯೇ ನೋಡುತ್ತೇನೆ.

ನೆಟ್‌ವರ್ಕ್ ಬೂಟ್ ಐಪಿ ಸಿಗದೆ ವಿಫಲವಾಗುತ್ತಿದ್ದರೆ ಸ್ವಿಚ್‌ನ ಸ್ಪ್ಯಾನಿಂಗ್ ಟ್ರೀ (ನೆಟ್‌ವರ್ಕ್‌ನಲ್ಲಿ ಸುತ್ತು ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ) ಕಾರಣ ಇರಬಹುದು. ಪೋರ್ಟ್ ತೆರೆಯಲು ಅದು 30 ಸೆಕೆಂಡ್ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಸಿಸ್ಟಮ್ ಕಾಯುವುದು ಬಿಟ್ಟುಬಿಟ್ಟಿರಬಹುದು. ಆ ಪೋರ್ಟ್‌ಗಳಲ್ಲಿ ಈ ಕಾಯುವಿಕೆ ತಪ್ಪಿಸುವ ಪೋರ್ಟ್‌ಫಾಸ್ಟ್ ಆನ್ ಮಾಡಿ.

ಇಳಿಸುವ ದಿನ

ಹೊಸ ಸಿಸ್ಟಮ್ ಆದರೆ ಸರಿ. ಜನ ಬಳಸುತ್ತಿರುವ ಸಿಸ್ಟಮ್‌ಗೆ ಇಮೇಜ್ ಹಾಕುವುದಾದರೆ ಅದರೊಳಗಿನ ಎಲ್ಲವೂ ಅಳಿಸಿಹೋಗುತ್ತದೆ. ನಿಮ್ಮ ಫೈಲ್ ಬ್ಯಾಕಪ್ ಮಾಡಿಕೊಳ್ಳಿ ಅಂತ ಒಂದು ಮೇಲ್ ಕಳಿಸಿದರೆ ಸಾಲದು. ಪ್ರತಿಯೊಬ್ಬರ ಪಕ್ಕ ಕೂತು ಕೇಳಿ: ದಿನಾ ತೆರೆಯುವ ಫೈಲ್ ಯಾವುದು, ಅದು ಎಲ್ಲಿದೆ, ತೋರಿಸ್ತೀರಾ? ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಔಟ್‌ಲುಕ್‌ ಮೇಲ್ ಉಳಿಸುವ ಪಿಎಸ್‌ಟಿ ಫೈಲ್, ಬ್ರೌಸರ್‌ನ ಬುಕ್‌ಮಾರ್ಕ್, ಸಿ ಡ್ರೈವ್ ಮೂಲದಲ್ಲೇ ಯಾವಾಗಲೋ ಮಾಡಿದ ಫೋಲ್ಡರ್, ಲೆಕ್ಕದ ಸಾಫ್ಟ್‌ವೇರ್ ತನ್ನ ಡೇಟಾ ಇಡುವ ಜಾಗ ಎಲ್ಲಾ ನೋಡಿ. ಮುಖ್ಯವಾದ ಸಿಸ್ಟಮ್‌ಗಳ ಹಳೇ ಡಿಸ್ಕನ್ನೂ ಕ್ಲೋನ್‌ಜಿಲ್ಲಾದಿಂದ ಒಂದು ಇಮೇಜ್ ತೆಗೆದು ಒಂದು ತಿಂಗಳು ಇಟ್ಟುಕೊಳ್ಳಿ. ವರ್ಷಗಳ ದುಡಿಮೆ ಆ ಡಿಸ್ಕಿನಲ್ಲಿರುತ್ತದೆ, ಅಲ್ವಾ?

ಮೂವತ್ತನ್ನೂ ಒಂದೇ ದಿನ ಮಾಡಬೇಡಿ. ಮೊದಲ ದಿನ ಐದು, ಎರಡು ದಿನ ಬಿಟ್ಟು ಹತ್ತು, ಆಮೇಲೆ ಉಳಿದದ್ದು. ಪ್ರತಿಯೊಂದಕ್ಕೂ ಹೆಸರು ಇಡುವಾಗ 15 ಅಕ್ಷರದ ಮಿತಿಯೊಳಗೆ ಇಡಿ, ಅದೇ ಹೆಸರಿನ ಚೀಟಿ ಸಿಸ್ಟಮ್ ಮೇಲೂ ಅಂಟಿಸಿ. ಡೊಮೇನ್‌ಗೆ ಸೇರಿಸಿ, ಆಮೇಲೆ ಆಂಟಿವೈರಸ್ ಏಜೆಂಟ್ ಹಾಕಿ, ಬಿಟ್‌ಲಾಕರ್ ಆನ್ ಮಾಡಿ ಅದರ ರಿಕವರಿ ಕೀ ಭದ್ರವಾಗಿಡಿ.

ಇಮೇಜ್‌ನಿಂದ ಬಂದ ಲೋಕಲ್ ಅಡ್ಮಿನ್ ಪಾಸ್‌ವರ್ಡ್ ಎಲ್ಲಾ ಸಿಸ್ಟಮ್‌ನಲ್ಲೂ ಒಂದೇ ಇರುತ್ತದೆ. ಒಂದು ಸಿಸ್ಟಮ್ ಒಳಗೆ ನುಗ್ಗಿದವನಿಗೆ ಉಳಿದ ಇಪ್ಪತ್ತೊಂಬತ್ತರ ಬಾಗಿಲೂ ತೆರೆದ ಹಾಗೆ. 2023ರ ಏಪ್ರಿಲ್‌ನಿಂದ ವಿಂಡೋಸ್‌ನಲ್ಲೇ ಲ್ಯಾಪ್ಸ್ ಅನ್ನುವ ಸೌಲಭ್ಯ ಸೇರಿದೆ. ಡೊಮೇನ್ ಇದ್ದರೆ ಅದನ್ನು ಆನ್ ಮಾಡಿ, ಪ್ರತಿ ಸಿಸ್ಟಮ್‌ಗೂ ಬೇರೆ ಪಾಸ್‌ವರ್ಡ್ ಇಟ್ಟು ಆಗಾಗ ಅದೇ ಬದಲಿಸುತ್ತದೆ.

ಲಿನಕ್ಸ್ ಸಿಸ್ಟಮ್‌ಗಳಾದರೆ ಸಿಸ್‌ಪ್ರೆಪ್ ಇಲ್ಲ, ಆದರೆ ಗುರುತಿನ ಸಮಸ್ಯೆ ಅಲ್ಲೂ ಇದೆ. ಇಮೇಜ್ ತೆಗೆಯುವ ಮುಂಚೆ ಇಟಿಸಿ ಫೋಲ್ಡರ್‌ನ ಮೆಷಿನ್-ಐಡಿ ಫೈಲ್ ಖಾಲಿ ಮಾಡಿ, ದೂರದಿಂದ ಲಾಗಿನ್ ಆಗುವಾಗ ಸಿಸ್ಟಮ್‌ನ ಗುರುತು ಹೇಳುವ ಎಸ್ಎಸ್ಎಚ್ ಹೋಸ್ಟ್ ಕೀಗಳನ್ನು ಅಳಿಸಿ, ಮೊದಲ ಬೂಟ್‌ನಲ್ಲಿ ಹೊಸ ಕೀ ಹುಟ್ಟುವ ಹಾಗೆ ಮಾಡಿ. ಮೆಷಿನ್-ಐಡಿ ಒಂದೇ ಆಗಿದ್ದರೆ ಎರಡು ಸಿಸ್ಟಮ್‌ಗೆ ಒಂದೇ ಐಪಿ ಸಿಕ್ಕಿ ಕಿತ್ತಾಡುವುದೂ ಉಂಟು.

ಇಮೇಜ್ ಅನ್ನು ತಾಜಾ ಇಡುವುದು

ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಅಪ್‌ಡೇಟ್ ಬಿಡುತ್ತದೆ. ಪ್ರತಿ ತಿಂಗಳೂ ಇಮೇಜ್ ಹೊಸದು ಮಾಡಬೇಕಿಲ್ಲ, ಮೂರು ತಿಂಗಳಿಗೊಮ್ಮೆ ಸಾಕು. ಸಿಸ್‌ಪ್ರೆಪ್ ಮುಂಚಿನ ಸ್ನ್ಯಾಪ್‌ಶಾಟ್‌ಗೆ ಹೋಗಿ, ನೆಟ್ ಕೊಟ್ಟು ಅಪ್‌ಡೇಟ್ ಮಾಡಿ, ನೆಟ್ ತೆಗೆದು, ಹೊಸ ಸ್ನ್ಯಾಪ್‌ಶಾಟ್ ತೆಗೆದು, ಸಿಸ್‌ಪ್ರೆಪ್ ಓಡಿಸಿ ಇಮೇಜ್ ಮಾಡಿ. ಹಿಂದಿನ ಇಮೇಜ್ ಅನ್ನು ಕೂಡಲೇ ಅಳಿಸಬೇಡಿ. ಹೊಸದರಿಂದ ಕನಿಷ್ಠ ಐದು ಸಿಸ್ಟಮ್ ಎರಡು ವಾರ ನಡೆದ ಮೇಲೆ ಅಳಿಸಿ.

ಇಮೇಜ್ ಇರುವ ಫೋಲ್ಡರ್‌ನಲ್ಲೇ ಒಂದು ಟೆಕ್ಸ್ಟ್ ಫೈಲ್ ಇಡಿ. ಇಮೇಜ್ ಮಾಡಿದ ತಾರೀಖು, ವಿಂಡೋಸ್ ವರ್ಷನ್, ಒಳಗಿರುವ ಸಾಫ್ಟ್‌ವೇರ್‌ಗಳ ಪಟ್ಟಿ, ಯಾವ ಮಾಡೆಲ್‌ಗಳಲ್ಲಿ ಪರೀಕ್ಷೆ ಆಗಿದೆ, ಯಾವುದಕ್ಕೆ ಬೇರೆ ಡ್ರೈವರ್ ಬೇಕು, ಯಾವ ಸಿಸ್ಟಮ್‌ಗೆ ಯಾವ ದಿನ ಹಾಕಿದಿರಿ. ಮುಂದಿನ ಸಲ ಈ ಕೆಲಸ ಮಾಡುವವರು ನೀವೇ ಆಗಿರಬಹುದು, ನಿಮ್ಮ ಜಾಗಕ್ಕೆ ಬಂದ ಬೇರೊಬ್ಬರೂ ಆಗಿರಬಹುದು. ಆ ಫೈಲ್ ಇದ್ದರೆ ಅವರು ಯಾರನ್ನೂ ಕೇಳದೆ ಶುರು ಮಾಡಬಹುದು.